ಕೆಂಪು ಸೆರಗಿನ ಕೆಳಗಿನ ನೆರಳು ಕೊನೆಗೂ ಸಿಕ್ಕಿತು

ಹಿತ್ತಲಲ್ಲಿ ಕೂತು ಬಿಡಿಸುತ್ತಿರುವ ಚಿತ್ರದಲ್ಲಿ ಅತ್ತೆಯ ಕೆನ್ನೆಯ ಬಣ್ಣ ಕೊನೆಗೂ ಕೂತಿತು! ಬೇವಿನ ಗಿಡ, ಕಟ್ಟೆ, ಹಿಂದಿನ ಸುಣ್ಣದ ಗೋಡೆ ಎಲ್ಲ ಬೇಗ ಮುಗಿದಿದ್ದವು, ಅವುಗಳ ಬಗ್ಗೆ ಹೇಳೋಕೆ ಏನೂ ಇಲ್ಲ. ಗಂಟು ಬಿದ್ದಿದ್ದು ಸೆರಗಿನ ಅಂಚಿನಿಂದ ಗದ್ದದವರೆಗಿನ ಅಂಗೈಯಗಲ ಜಾಗದಲ್ಲಿ.

ಧಾರವಾಡದ ನಮ್ಮ ಹಿತ್ತಲು, ಬೆಳಗಿನ ಬಿಸಿಲು ಅತ್ತೆಯ ಬೆನ್ನ ಹಿಂದಿನಿಂದ. ಇಳಕಲ್ ಸೀರೆಯ ಕೆಂಪು ರೇಷ್ಮೆಯ ಟೋಪ್ ತೆನೆ ಸೆರಗನ್ನು ತಲೆ ತುಂಬ ಹೊದ್ದು ಕೂತಿದ್ದಾರೆ. ಹೊರಗೆ ಕೂತು ಬಣ್ಣ ಹಚ್ಚುವವರು ಮೊದಲು ಕಲಿಯುವ ಪಾಠ ಗೊತ್ತಲ್ವಾ? ಬಿಸಿಲು ಬೆಚ್ಚಗೆ, ಅಂದರೆ ಕೆಂಪು-ಹಳದಿ ಕಡೆಗೆ; ನೆರಳು ತಂಪು, ಅಂದರೆ ನೀಲಿ ಕಡೆಗೆ. ಆಕಾಶದ ನೀಲಿ ನೆರಳಿಗೆ ಇಳಿಯುತ್ತದೆ, ಅಲ್ಟ್ರಾಮರೀನ್ ನೀಲಿ ಹಾಕು. ಹಾಕಿದೆ. ಕೆನ್ನೆ ಸತ್ತುಹೋಯಿತು. ಕೆಂಗಂದು ಬರ್ನ್ಟ್ ಸಿಯೆನಾ ಸೇರಿಸಿದರೆ ರಾಡಿ, ಟೈಟಾನಿಯಂ ಬಿಳಿ ಸೇರಿಸಿದರೆ ಸುಮ್ನೆ ಬೂದುಬಣ್ಣ. ಅತ್ತೆ ಎದ್ದು ಬಂದು ನೋಡಿ, "ನನಗೇನ ಆಗೇತೋ ತಮ್ಮಾ, ಡಾಕ್ಟರ್ ಕಡೆ ಹೋಗೂಣೇನು?" ಅಂದರು.

ಪ್ಯಾರಿಸ್‌ನ 1876ರ ಪ್ರದರ್ಶನದಲ್ಲಿ ಫ್ರೆಂಚ್ ಚಿತ್ರಕಾರ ರೆನ್ವಾರ್ ಎಲೆಗಳ ನಡುವಿನ ಬಿಸಿಲಲ್ಲಿರುವ ಹೆಣ್ಣಿನ ಚಿತ್ರ ಇಟ್ಟಾಗ, ವಿಮರ್ಶಕ ಆಲ್ಬರ್ಟ್ ವುಲ್ಫ್ ಮೈಮೇಲಿನ ಹಸಿರು, ನೇರಳೆ ಕಲೆಗಳನ್ನು ನೋಡಿ ಕೊಳೆಯುತ್ತಿರುವ ಮಾಂಸ ಅಂತ ಬರೆದಿದ್ದ. ಆದರೆ ರೆನ್ವಾರ್ ಹಚ್ಚಿದ್ದು ಅಲ್ಲಿ ಕಂಡ ಬಣ್ಣವನ್ನು. ನಮ್ಮ ಹಿತ್ತಲಿನಲ್ಲಿ ಕಾಣುವುದೇ ಬೇರೆ.

ಅತ್ತೆಗೆ ಸೆರಗನ್ನು ಒಂದು ಗಳಿಗೆ ಹೆಗಲಿಗೆ ಇಳಿಸೋಕೆ ಹೇಳಿದೆ. ಕೆನ್ನೆ ತಟ್ಟನೆ ತಂಪಾಯಿತು, ತುಸು ಹಸಿರು ಕೂಡ. ಮತ್ತೆ ಹೊದ್ದರು. ಕೆಂಪು ವಾಪಸ್ ಬಂತು! ಬಿಸಿಲು ಆ ಕೆಂಪು ರೇಷ್ಮೆಯನ್ನು ಹಾಯ್ದು ಕೆನ್ನೆಗೆ ಬೀಳುತ್ತಿದೆ. ಮೇಲಿನ ಆಕಾಶವನ್ನು ಬೇವು ಮತ್ತು ಸೆರಗು ಮುಚ್ಚಿವೆ. ಕೆಳಗಿನ ಕೆಮ್ಮಣ್ಣು ಗದ್ದಕ್ಕೆ ಇನ್ನಷ್ಟು ಬಿಸಿ ಕೊಡುತ್ತದೆ. ಕೆನ್ನೆಗೆ ನೀಲಿ ಬರೋಕೆ ದಾರಿಯೇ ಇಲ್ಲ.

ಹಾಗಂತ ಕೆಂಪು ಹಚ್ಚಿದರೆ ಕೆನ್ನೆ ಬಿಸಿಲಿಗೆ ಜಿಗಿಯಿತು. ಕಣ್ಣು ಕಿರಿದು ಮಾಡಿ ನೋಡಿದಾಗ ಆ ನೆರಳು ಹೆಚ್ಚುಕಡಿಮೆ ಬೇವಿನ ಬೊಡ್ಡೆಯಷ್ಟೇ ಗಾಢ. ಅಂದರೆ ಕೆಂಪು ಬೇಕು, ಬೆಳಕು ಬೇಡ. ಬಿಳಿಯನ್ನು ಪ್ಯಾಲೆಟ್‌ನಿಂದಲೇ ತೆಗೆದೆ. ಗಾಢ ಕೆಂಪಿನ ಅಲಿಜರಿನ್ ಕ್ರಿಮ್ಸನ್, ಮಣ್ಣುಹಳದಿ ಯೆಲ್ಲೋ ಓಕರ್, ಬಣ್ಣ ತಗ್ಗಿಸೋಕೆ ಚೂರೇ ಚೂರು ವಿರಿಡಿಯನ್ ಹಸಿರು. ಬಟ್ಟೆ ಹತ್ತಿರವಿರುವ ಕಿವಿಯ ಬಳಿ ಮಾತ್ರ ಕ್ಯಾಡ್ಮಿಯಂ ರೆಡ್. ಎಲೆಗಳ ಸಂದಿಯಿಂದ ಆಕಾಶ ಇಣುಕುವ ಮೂಗಿನ ಮೇಲೆ ಒಂದೇ ಒಂದು ನೀಲಿ ಹೊಡೆತ. ಆಮೇಲೆ ಹಿಂದಿನ ಎಲೆಗಳಿಗೆ ಮಂಕು ಹಸಿರು ಹಚ್ಚಿದ್ದೇ ತಡ, ಮುಟ್ಟದೆಯೇ ಕೆನ್ನೆ ಇನ್ನಷ್ಟು ಕೆಂಪಾಯಿತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಅಂತ ಫ್ರೆಂಚ್ ರಸಾಯನಶಾಸ್ತ್ರಜ್ಞ ಶೆವ್ರೂಲ್ 1839ರಲ್ಲೇ ಬರೆದಿಟ್ಟಿದ್ದಾನೆ. ಅದು ಕಣ್ಣೆದುರೇ ಆದಾಗಿನ ಖುಷಿಯೇ ಬೇರೆ.

ಕೆಂಪಿನ ವಿಷಯಕ್ಕೆ ಅಂಗಡಿಯವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕ್ಯಾಡ್ಮಿಯಂ ಕೇಳಿದರೆ ಹುಬ್ಬಳ್ಳಿಯಲ್ಲಿ ಒಬ್ಬರು "ಹ್ಯೂ" (ಅದೇ ಬಣ್ಣ ಕಾಣುವ ಬದಲಿ) ಅಂತ ಸಣ್ಣಕ್ಷರದಲ್ಲಿ ಬರೆದ ಟ್ಯೂಬ್ ಕೊಟ್ಟು, ಎಲ್ಲಾ ಒಂದೇ ರೀ ಅಂತಾರೆ. ಒಂದೇ ಅಲ್ಲ. ಟ್ಯೂಬಿನ ಬೆನ್ನ ಮೇಲೆ ನಿಜವಾದ ಕ್ಯಾಡ್ಮಿಯಂ ಕೆಂಪಿನ ಸಂಕೇತ ಪಿಆರ್ 108 ಇದೆಯಾ ನೋಡಿ. ಅಲಿಜರಿನ್ ಕೂಡ ಪರ್ಮನೆಂಟ್ ಅನ್ನುವುದನ್ನೇ ತಗೊಳ್ಳಿ, ಹಳೆಯ ಬಗೆಯದು ಬೆಳಕಿಗೆ ಮಾಸುತ್ತದೆ.

ಈ ಕೆನ್ನೆ ಕೂತಾಗಿನಿಂದ ತಲೆಯಲ್ಲಿ ಬ್ಯಾಡಗಿಯೇ ಓಡುತ್ತಿದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಹಾವೇರಿ ಕಡೆ ಹೋದವರು ಆ ಮಾರುಕಟ್ಟೆಯ ರಾಶಿಗಳನ್ನು ನೋಡಿರುತ್ತೀರಿ. ಅಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರ ಮುಖಕ್ಕೆ ಕೆಂಪು ಕೆಳಗಿನಿಂದ ಬರುತ್ತದೆ. ಗದ್ದದ ಕೆಳಭಾಗ, ಮೂಗಿನ ಹೊಳ್ಳೆ, ಹುಬ್ಬಿನಡಿ ಹೊತ್ತಿಕೊಂಡಿರಬೇಕು, ಹಣೆ ಮೇಲೆ ಆಕಾಶದ ನೀಲಿ. ದೊಡ್ಡ ಕ್ಯಾನ್ವಾಸೇ ಬೇಕು. ಘಾಟಿಗೆ ಸೀನು ಬರುತ್ತೆ ಅನ್ನೋದೂ ಲೆಕ್ಕದಲ್ಲಿದೆ.

ಅದಕ್ಕೂ ಮುಂಚೆ ಅತ್ತೆಯ ಕೈಗಳು ಬಾಕಿ. ಹಸಿರು ಗಾಜಿನ ಬಳೆ, ಅದರೊಳಗಿಂದ ಮಣಿಕಟ್ಟಿಗೆ ಬೀಳುವ ಹಸಿರು ಬೆಳಕು. ಇದ್ದ ವಿರಿಡಿಯನ್ ಮುಗಿದಿದೆ, ಬೆಂಗಳೂರಿನಿಂದ ಪಾರ್ಸೆಲ್ ಬರಬೇಕು.