ಅಮೆರಿಕದಲ್ಲಿ ಆದ ಮದುವೆಯ ಸರ್ಟಿಫಿಕೇಟ್ ಬೇಕಾ? ಮೊದಲು ಲೈಸೆನ್ಸ್ ಎಲ್ಲಿ ತಗೊಂಡಿದ್ದಿರಿ ಹೇಳಿ

ಅಮೆರಿಕದಲ್ಲಿ ಮದುವೆಯಾದ ನಮ್ಮ ಕಡೆಯವರಿಗೆ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ. ಗ್ರೀನ್ ಕಾರ್ಡ್ ಅರ್ಜಿ, ಎಚ್-4 (ಅಲ್ಲಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ), ಓಸಿಐ (ವಿದೇಶಿ ಪೌರರಾದ ಭಾರತ ಮೂಲದವರಿಗೆ, ಅವರ ಸಂಗಾತಿಗೆ ಇಂಡಿಯಾ ಕೊಡುವ ಕಾರ್ಡ್), ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು, ಎಲ್ಲಕ್ಕೂ ಮ್ಯಾರೇಜ್ ಸರ್ಟಿಫಿಕೇಟ್ ಕೇಳುತ್ತಾರೆ. ಬೀರು ತೆಗೆದು ನೋಡಿದರೆ ಅಂಚಿಗೆ ಹೂಬಳ್ಳಿ ಇರುವ, ಫ್ರೇಮ್ ಹಾಕಿಸುವಷ್ಟು ಚೆಂದದ ಒಂದು ಕಾಗದ ಇರುತ್ತದೆ. ಅದು ಸುಮ್ನೆ ನೆನಪಿಗೆ ಕೊಟ್ಟಿದ್ದು, ಯಾವ ಆಫೀಸಿನಲ್ಲೂ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಅಸಲಿ ಸರ್ಟಿಫೈಡ್ ಕಾಪಿಯನ್ನು (ಅಧಿಕಾರಿಯ ಸಹಿ ಇರುವ ಸರ್ಕಾರಿ ನಕಲು) ತಾನಾಗಿಯೇ ಮನೆಗೆ ಕಳಿಸುವ ಪದ್ಧತಿಯೇ ಇಲ್ಲ. ದುಡ್ಡು ಕಟ್ಟಿ ಕೇಳಿದವರಿಗೆ ಮಾತ್ರ.

ಎಲ್ಲಿ ಕೇಳಬೇಕು ಅನ್ನುವಲ್ಲೇ ಜಾಸ್ತಿ ಜನ ದಾರಿ ತಪ್ಪುವುದು. ದೇಶಕ್ಕೆಲ್ಲ ಒಂದೇ ಮದುವೆ ದಾಖಲೆ ಅಂತ ಅಮೆರಿಕದಲ್ಲಿ ಇಲ್ಲ. ಮದುವೆ ರಾಜ್ಯಗಳಿಗೆ ಬಿಟ್ಟ ವಿಷಯ, ರಾಜ್ಯಗಳು ಅದನ್ನು ಹೆಚ್ಚಾಗಿ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಬಿಟ್ಟಿವೆ. ಆದರೆ ಯಾವ ಕೌಂಟಿ? ನೀವಿರುವ ಕೌಂಟಿಯೂ ಅಲ್ಲ, ತಾಳಿ ಕಟ್ಟಿದ ಊರಿನ ಕೌಂಟಿಯೂ ಅಲ್ಲ, ಲೈಸೆನ್ಸ್ (ಮದುವೆಗೆ ಮೊದಲೇ ತಗೊಳ್ಳುವ ಅನುಮತಿ ಪತ್ರ) ಕೊಟ್ಟ ಕೌಂಟಿ. ಸನಿವೇಲ್‌ನಲ್ಲಿ ಮನೆ, ಹತ್ತಿರ ಅಂತ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಲೈಸೆನ್ಸ್ ತಗೊಂಡು, ಮದುವೆ ಮಾತ್ರ ಲಿವರ್‌ಮೋರ್ ದೇವಸ್ಥಾನದಲ್ಲಿ ಆಯಿತು ಅಂದುಕೊಳ್ಳಿ. ಲಿವರ್‌ಮೋರ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಆದರೂ ಪುರೋಹಿತರು ಸಹಿ ಹಾಕಿದ ಲೈಸೆನ್ಸ್ 10 ದಿನದೊಳಗೆ ವಾಪಸ್ ಹೋಗಬೇಕಾದದ್ದು ಸ್ಯಾಂಟಾ ಕ್ಲಾರಾಕ್ಕೆ, ದಾಖಲೆ ಉಳಿಯುವುದೂ ಅಲ್ಲೇ. ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್‌ನ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಂಡವರಿಗೂ ಇದೇ ಮಾತು. ಲೈಸೆನ್ಸ್ ಬೇರೆ ಕೌಂಟಿಯದಾಗಿದ್ದರೆ ಸಿಟಿ ಹಾಲ್‌ನಲ್ಲಿ ಎಷ್ಟು ಹುಡುಕಿಸಿದರೂ ನಿಮ್ಮ ಹೆಸರು ಸಿಗದು. ಸಿಗಲಿಲ್ಲ ಅಂದರೆ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ ಬೇರೆ. ಕ್ಯಾಲಿಫೋರ್ನಿಯಾದ ಕೌಂಟಿಗಳು ಅದನ್ನು ಹುಡುಕಿದ ಕೂಲಿ ಅಂತ ಇಟ್ಟುಕೊಂಡು, 'ದಾಖಲೆ ಇಲ್ಲ' ಅಂತ ಇನ್ನೊಂದು ಸರ್ಟಿಫಿಕೇಟ್ ಕಳಿಸುತ್ತವೆ!

ಕೌಂಟಿ ಗೊತ್ತಾದ ಮೇಲೆ ಯಾವ ಕಿಟಕಿ ಅನ್ನುವುದು. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಕೊಡುವವರು ಕೌಂಟಿ ಕ್ಲರ್ಕ್, ಮದುವೆಯಾದ ಮೇಲೆ ದಾಖಲೆ ಇಟ್ಟುಕೊಳ್ಳುವವರು ರೆಕಾರ್ಡರ್. ಸ್ಯಾಂಟಾ ಕ್ಲಾರಾ, ಅಲಮೀಡಾದಲ್ಲಿ ಇಬ್ಬರೂ ಒಂದೇ ಆಫೀಸು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ಕಟ್ಟಡದೊಳಗೆ ಬೇರೆ ಬೇರೆ.

ಟೆಕ್ಸಸ್ ಕಡೆಯವರಿಗೆ ಇದು ಸಲೀಸು. ಕೌಂಟಿ ಕ್ಲರ್ಕ್ ಲೈಸೆನ್ಸನ್ನು ದಾಖಲು ಮಾಡಿಕೊಂಡು ಅಸಲಿಯನ್ನೇ ನಿಮಗೆ ವಾಪಸ್ ಕಳಿಸುತ್ತಾರೆ, ಕಾಪಿ ಬೇಕಾದರೂ ಅವರೇ ಕೊಡುತ್ತಾರೆ. ಆದರೆ ಫ್ರಿಸ್ಕೊ ಊರು ಕಾಲಿನ್ ಮತ್ತು ಡೆಂಟನ್ ಎರಡು ಕೌಂಟಿಗಳಲ್ಲಿ ಹರಡಿದೆ, ಆದ್ದರಿಂದ 'ಫ್ರಿಸ್ಕೊದಲ್ಲಿ ತಗೊಂಡ್ವಿ' ಅನ್ನುವುದು ಉತ್ತರ ಆಗುವುದಿಲ್ಲ. ಆಸ್ಟಿನ್‌ನಲ್ಲಿರುವ ರಾಜ್ಯದ ಆಫೀಸಿಗೆ ಬರೆದರೆ 1966ರಿಂದೀಚಿನ ಮದುವೆಗಳಿಗೆ 'ಹೌದು, ದಾಖಲಾಗಿದೆ' ಅನ್ನುವ ಒಂದು ಪತ್ರ ಸಿಗುತ್ತದೆ, ಅಷ್ಟೇ. ಅದು ಸರ್ಟಿಫೈಡ್ ಕಾಪಿ ಅಲ್ಲ. ನ್ಯೂ ಜೆರ್ಸಿ, ಮ್ಯಾಸಚುಸೆಟ್ಸ್‌ನಲ್ಲಿ ಕೌಂಟಿಗೆ ಈ ಕೆಲಸವೇ ಇಲ್ಲ, ಊರಿನ ಮುನಿಸಿಪಾಲಿಟಿಯನ್ನೇ ಕೇಳಬೇಕು. ನ್ಯೂಯಾರ್ಕ್ ಸಿಟಿಯಲ್ಲಿ ಸಿಟಿ ಕ್ಲರ್ಕ್. ಅಲ್ಲಿ ಚಿಕ್ಕದು, ವಿವರವಾದದ್ದು ಅಂತ ಎರಡು ಬಗೆ ಇವೆ. ಇಂಡಿಯಾದ ಕೆಲಸಕ್ಕೆ ವಿವರವಾದದ್ದನ್ನೇ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಗಂಟು ಇದೆ. ಸರ್ಟಿಫೈಡ್ ಕಾಪಿಯಲ್ಲೇ ಎರಡು ಬಗೆ. 'ಇನ್ಫರ್ಮೇಷನಲ್' ಅನ್ನುವುದನ್ನು ಯಾರು ಬೇಕಾದರೂ ತಗೊಳ್ಳಬಹುದು, ಆದರೆ ಅದರ ಮೇಲೆ ಗುರುತಿನ ದಾಖಲೆಯಾಗಿ ನಡೆಯುವುದಿಲ್ಲ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ವೀಸಾ, ಓಸಿಐ ಅಂತ ಇದ್ದರೆ 'ಆಥರೈಸ್ಡ್' ಕಾಪಿಯೇ ಬೇಕು. ಇದನ್ನು ಗಂಡ, ಹೆಂಡತಿ ಮಾತ್ರ ಅಲ್ಲ, ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರೂ ಕೇಳಬಹುದು. ಈಗ ಬೆಂಗಳೂರಿಗೆ ವಾಪಸ್ ಹೋಗಿ ನೆಲೆಸಿದವರಿಗೆ ಇದು ದೊಡ್ಡ ಉಪಕಾರ. ತಮ್ಮನೋ ಅಕ್ಕನೋ ಫ್ರೀಮಾಂಟ್‌ನಲ್ಲಿದ್ದರೆ ಅವರೇ ಖುದ್ದಾಗಿ ಹೋಗಿ, ಕೌಂಟರಿನಲ್ಲಿ ಅಫಿಡವಿಟ್ಟಿಗೆ ಸಹಿ ಹಾಕಿ ತರಬಹುದು. ಪೋಸ್ಟಿನಲ್ಲಿ ಕಳಿಸುವುದಾದರೆ ಆ ಅಫಿಡವಿಟ್ಟಿಗೆ ನೋಟರಿ ಬೇಕು, ಇಲ್ಲದಿದ್ದರೆ ಅರ್ಜಿ ವಾಪಸ್ ಬರುತ್ತದೆ. ಬ್ಯಾಂಕಿನಲ್ಲಿ ಅಕೌಂಟ್ ಇದ್ದರೆ ಎಷ್ಟೋ ಕಡೆ ನೋಟರಿ ಅಲ್ಲೇ ಮಾಡಿಕೊಡುತ್ತಾರೆ.

ಆದರೆ ನಿಮ್ಮದು 'ಕಾನ್ಫಿಡೆನ್ಷಿಯಲ್' ಮದುವೆ ಆಗಿದ್ದರೆ ಈ ಯಾವ ನೆಂಟರೂ ಉಪಯೋಗಕ್ಕೆ ಬರುವುದಿಲ್ಲ. ಆಗಲೇ ಜೊತೆಯಲ್ಲಿ ವಾಸ ಮಾಡುತ್ತಿರುವ ಜೋಡಿಗೆ ಸಾಕ್ಷಿ ಇಲ್ಲದೆ ಕೊಡುವ ಲೈಸೆನ್ಸ್ ಅದು. ಸಾಕ್ಷಿ ಹುಡುಕುವ ತಲೆನೋವು ಇಲ್ಲ ಅಂತ ಎಷ್ಟೋ ಜನ ಅದನ್ನೇ ಆರಿಸಿಕೊಂಡಿರುತ್ತಾರೆ. ಅದರ ಕಾಪಿ ಲೈಸೆನ್ಸ್ ಕೊಟ್ಟ ಕ್ಲರ್ಕ್ ಹತ್ತಿರ ಮಾತ್ರ ಸಿಗುತ್ತದೆ, ಮದುವೆಯಾದ ಇಬ್ಬರಿಗೆ ಮಾತ್ರ. ಇಂಡಿಯಾಕ್ಕೆ ಹೊರಡುವ ಮೊದಲೇ ನಾಲ್ಕು ಕಾಪಿ ಕೈಯಲ್ಲಿರಲಿ ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಹೆಸರಿನ ಪುರಾಣ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅನ್ನುವುದೇ ಇಲ್ಲ, ಅಲ್ವಾ? ಎಚ್.ಕೆ. ರಮೇಶ ಅಂದರೆ ಹಾಸನದ ಕೃಷ್ಣಪ್ಪನವರ ಮಗ ರಮೇಶ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿ ಬರೆಯುವಾಗ ಸರ್‌ನೇಮ್ ಜಾಗಕ್ಕೆ ಯಾವುದು ಬಿತ್ತೋ ಅದೇ ಖಾಯಂ. ಒಬ್ಬರಿಗೆ ಅಪ್ಪನ ಹೆಸರು, ಒಬ್ಬರಿಗೆ ಊರಿನ ಹೆಸರು. ಆ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಮೊದಲ ಹೆಸರು ಗೊತ್ತಿಲ್ಲ' ಅನ್ನುವ 'ಎಫ್‌ಎನ್‌ಯು' ಬರುತ್ತದೆ. ಕೌಂಟಿಯವರು ಹುಡುಕುವುದು ಸರ್‌ನೇಮ್ ಹಿಡಿದುಕೊಂಡು. ಹಾಗಾಗಿ ಲೈಸೆನ್ಸ್ ತಗೊಂಡ ದಿನ ಯಾವ ಗುರುತಿನ ಚೀಟಿ ತೋರಿಸಿದ್ದಿರೋ ಅದರಲ್ಲಿದ್ದ ಹೆಸರನ್ನೇ, ಅದೇ ಸ್ಪೆಲಿಂಗಿನಲ್ಲಿ ಅರ್ಜಿಯಲ್ಲಿ ಬರೆಯಿರಿ. ಸಿಗದಿದ್ದರೆ ರಮೇಶ, ಕೃಷ್ಣಪ್ಪ, ಹಾಸನ ಮೂರನ್ನೂ ಸರ್‌ನೇಮ್ ಜಾಗದಲ್ಲಿಟ್ಟು ನೋಡಲು ಹೇಳಿ, ಸಂಗಾತಿಯ ಹೆಸರಿನಿಂದಲೂ ಹುಡುಕಿಸಿ. ಶ್ರೀನಿವಾಸ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ಅಂತ ಕ್ಲರ್ಕಿಗೆ ಗೊತ್ತಿರುವುದಿಲ್ಲ, ನಾವೇ ಹೇಳಬೇಕು.

ಮದುವೆಯಾದ ಮೇಲೆ ಹೆಸರು ಬದಲಾಯಿಸಿಕೊಳ್ಳುವ ಯೋಚನೆ ಇರುವವರು ಲೈಸೆನ್ಸ್ ಅರ್ಜಿಯಲ್ಲೇ ಹೊಸ ಹೆಸರು ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ 2009ರಿಂದ ಹೀಗಿದೆ. ಆಗ ಬಿಟ್ಟು ಆಮೇಲೆ ಸೇರಿಸಿ ಅಂದರೆ ರೆಕಾರ್ಡರ್ ಸೇರಿಸುವುದಿಲ್ಲ, ಕೋರ್ಟಿನ ದಾರಿ ಹಿಡಿಯಬೇಕಾಗುತ್ತದೆ.

ಕೌಂಟಿ ಕ್ಲರ್ಕಿನ ಮುಂದೆ ಲೈಸೆನ್ಸಿಗೆ ನಿಲ್ಲುವ ಗೋಜಲು ನಮ್ಮ ಕಾಲದವರಿಗೆ ಮಾತ್ರ ಬಂದದ್ದಲ್ಲ. ನೂರು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ದಕ್ಷಿಣ ತುದಿಯ ಇಂಪೀರಿಯಲ್ ಕೌಂಟಿಯಲ್ಲಿ ಬೇಸಾಯಕ್ಕೆ ನಿಂತ ಪಂಜಾಬಿ ಗಂಡಸರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾಗುತ್ತಿದ್ದರು. ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗಬಾರದು ಅನ್ನುವ ಕಾನೂನು ಆಗ ಇತ್ತು, ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 1948ರಲ್ಲಿ. ಕೌಂಟರಿನಲ್ಲಿ ಕೂತ ಕ್ಲರ್ಕ್ ಇಬ್ಬರ ಮೈಬಣ್ಣ ನೋಡಿ, ಒಂದೇ ಥರ ಕಂಡರೆ ಲೈಸೆನ್ಸ್ ಬರೆದುಕೊಡುತ್ತಿದ್ದ! ಆ ಕುಟುಂಬಗಳ ಕಥೆ ಇವತ್ತು ನಮಗೆ ಗೊತ್ತಾಗುತ್ತಿರುವುದರಲ್ಲಿ ಈ ಕೌಂಟಿ ದಾಖಲೆಗಳ ಪಾಲು ದೊಡ್ಡದು. ಅಜ್ಜ ಅಜ್ಜಿಯರ ಕಾಲದ್ದನ್ನು ಹೀಗೆ ಹುಡುಕುವವರಿಗೆ ಇನ್ಫರ್ಮೇಷನಲ್ ಕಾಪಿಯೇ ಸಾಕು. ಫ್ಯಾಮಿಲಿಸರ್ಚ್ ತಾಣದಲ್ಲಿ ಹಳೆಯ ರಿಜಿಸ್ಟರುಗಳ ಸ್ಕ್ಯಾನ್ ಬೇಕಾದಷ್ಟಿವೆ, ಪುಕ್ಕಟೆ. ಷಿಕಾಗೊದವರಿಗೆ ಮಾತ್ರ 1871ಕ್ಕಿಂತ ಹಿಂದೆ ಹೋಗುವುದು ಕಷ್ಟ. ಆ ವರ್ಷದ ಬೆಂಕಿಯಲ್ಲಿ ಆ ಊರಿರುವ ಕುಕ್ ಕೌಂಟಿಯ ಕಡತಗಳೆಲ್ಲ ಸುಟ್ಟುಹೋದವು.

ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಾಣುವುದು ಸರ್ಕಾರದ ಹಾಗೆ ವೇಷ ಹಾಕಿದ ಜಾಹೀರಾತುಗಳು. ಅವರು ಮಾಡುವುದೂ ಅದೇ ಅರ್ಜಿ ಕಳಿಸುವ ಕೆಲಸ, ಮೇಲೆ ತಮ್ಮ ಪಾಲು ಸೇರಿಸಿ. ಕೌಂಟಿಯ ಸ್ವಂತ ಪುಟಕ್ಕೆ ಹೋಗಿ ಅಲ್ಲಿಂದಲೇ ಕೊಂಡಿ ಹಿಡಿಯಿರಿ. ಹಲವು ಕೌಂಟಿಗಳು ಆನ್‌ಲೈನ್ ಅರ್ಜಿಗೆ ವೈಟಲ್‌ಚೆಕ್ ಅನ್ನುವ ಖಾಸಗಿ ಕಂಪನಿಯನ್ನು ಬಳಸುತ್ತವೆ, ಅದಕ್ಕೂ ಬೇರೆ ಶುಲ್ಕ ಇದೆ. ಹೊಸದಾಗಿ ಮದುವೆಯಾದವರು ಮರುದಿನವೇ ಅರ್ಜಿ ಹಾಕಬೇಡಿ, ದಾಖಲೆ ಏರುವುದಕ್ಕೆ ಕೆಲವು ವಾರ ಹಿಡಿಯುತ್ತದೆ. ಪುರೋಹಿತರು ಲೈಸೆನ್ಸ್ ಪೋಸ್ಟ್ ಮಾಡಿದರಾ ಅಂತ ಒಂದು ಫೋನ್ ಹಾಕಿ ಕೇಳಿ, ಸಂಕೋಚ ಬೇಡ.

ಕಾಪಿ ಬಂದ ಮೇಲೆ ಇಂಡಿಯಾದ ಕೆಲಸಕ್ಕೆ ಅಪೋಸ್ಟಿಲ್ (ಬೇರೆ ದೇಶದಲ್ಲೂ ನಡೆಯಲಿ ಅಂತ ದಾಖಲೆಗೆ ಹಚ್ಚುವ ದೃಢೀಕರಣ) ಕೇಳಿದರೆ ಅದನ್ನು ಕೌಂಟಿ ಕೊಡುವುದಿಲ್ಲ, ಹೆಚ್ಚಿನ ಕಡೆ ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕೊಡುತ್ತಾರೆ. ಕ್ಯಾಲಿಫೋರ್ನಿಯಾದವರು ರಾಜಧಾನಿ ಸ್ಯಾಕ್ರಮೆಂಟೊಗೆ ಪೋಸ್ಟ್ ಮಾಡಬಹುದು, ಒಂದಕ್ಕೆ 20 ಡಾಲರ್. ಜೆರಾಕ್ಸ್ ಕಳಿಸಿದರೆ ಆಗುವುದಿಲ್ಲ, ಅಧಿಕಾರಿಯ ಸಹಿ ಇರುವ ಸರ್ಟಿಫೈಡ್ ಕಾಪಿಯೇ ಬೇಕು. ಗಂಡ ಅಥವಾ ಹೆಂಡತಿಯ ಆಧಾರದ ಮೇಲೆ ಓಸಿಐ ಕೇಳುವವರಿಗೆ ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು ಅನ್ನುವ ಷರತ್ತೂ ಇದೆ. ಹಾಗೇ, ಮುಖ್ಯವಾದ ಕಾಗದ ಕಂಡರೆ ಲ್ಯಾಮಿನೇಷನ್ ಅಂಗಡಿಗೆ ಓಡುವ ನಮ್ಮ ಅಭ್ಯಾಸ ಇದೆಯಲ್ಲ, ಅದನ್ನು ಇಲ್ಲಿ ಮಾಡಬೇಡಿ. ಪ್ಲಾಸ್ಟಿಕ್ ಹೊದಿಸಿದ ಕಾಪಿಗೆ ಅಪೋಸ್ಟಿಲ್ ಹಚ್ಚುವುದಿಲ್ಲ, ಮತ್ತೆ ಕೌಂಟಿಯಿಂದಲೇ ಶುರು ಮಾಡಬೇಕಾಗುತ್ತದೆ.