ಮರ ಹತ್ತೋದಲ್ಲ, ಕೊನೆ ನೋಡೋದು ಕಷ್ಟ

ಅಡಿಕೆ ಮರ ಹತ್ತೋದೇ ದೊಡ್ಡ ವಿದ್ಯೆ ಅಂತ ಜನ ಅಂದುಕೊಂಡಿದ್ದಾರೆ. ಅದು ಒಂದೆರಡು ಸೀಸನ್ನಿನಲ್ಲಿ ಬಂದುಬಿಡುತ್ತದೆ. ಕಾಲಿಗೆ ಬಳ್ಳಿ, ಕೂರಲು ಮಣೆ, ಸ್ವಲ್ಪ ಧೈರ್ಯ, ಅಷ್ಟೇ. ಬೇಗ ಬಾರದೇ ಇರೋದು ಕೊನೆ, ಅಂದರೆ ಅಡಿಕೆ ಗೊಂಚಲು, ಬಲಿತಿದೆಯೋ ಇಲ್ಲವೋ ಅಂತ ನೋಡುವ ಕಣ್ಣು.

ನಮ್ಮ ಶಿರಸಿ ಕಡೆ ಕೆಂಪಡಿಕೆಗಾದರೆ ಕಾಯಿ ಹಸಿರಿರುವಾಗಲೇ ಕೊನೆ ಇಳಿಸಬೇಕು. ತೀರಾ ಎಳೆಯದು ಕೊಯ್ದರೆ ಬೇಯಿಸಿ ಒಣಗಿಸಿದ ಮೇಲೆ ತೂಕವೇ ಬರೋದಿಲ್ಲ, ತಡ ಮಾಡಿದರೆ ಹಣ್ಣಾಗಿ ಗೋಟು ಅನ್ನೋ ಕೆಳದರ್ಜೆಗೆ ಹೋಗುತ್ತದೆ. ಚಾಲಿ, ಅಂದರೆ ಬೇಯಿಸದೇ ಒಣಗಿಸಿದ ಬಿಳಿ ಅಡಿಕೆ, ಮಾಡುವವರಿಗೆ ಪೂರ್ತಿ ಹಣ್ಣೇ ಬೇಕು. ಒಂದೇ ಮರದ ಮೂರು ಕೊನೆ ಒಟ್ಟಿಗೆ ಬಲಿಯೋದೂ ಇಲ್ಲ, ಹಾಗಾಗಿ ಯಾವುದನ್ನು ಇಳಿಸಬೇಕು, ಯಾವುದನ್ನು ಬಿಡಬೇಕು ಅನ್ನೋದನ್ನು ಮೇಲೆ ಕೂತ ಕೊನೆಗಾರನೇ ಅಲ್ಲೇ ತೀರ್ಮಾನ ಮಾಡಬೇಕು.

ನನಗೆ ಕಲಿಸಿದ್ದು ಸೋದರಮಾವ. ವರ್ಷಗಟ್ಟಲೆ ಕೆಳಗೆ ನಿಂತು "ಅದಲ್ಲ, ಎಡಗಡೆದು" ಅಂತ ಕೂಗುತ್ತಿದ್ದ ಮನುಷ್ಯ ಒಂದು ದಿನ ಹೆಗಡೇರ ತೋಟದಲ್ಲಿ ಸುಮ್ನೆ ಕವಳ ಹಾಕಿಕೊಂಡು ಕೂತುಬಿಟ್ಟ. "ನೀನೇ ನೋಡಿ ಇಳಿಸು ತಮಾ" ಅಂದ. ಮಧ್ಯಾಹ್ನದವರೆಗೂ ಒಂದು ಮಾತಿಲ್ಲ. ಬೈಗುಳಕ್ಕಿಂತ ಅದೇ ಜಾಸ್ತಿ ಹೆದರಿಕೆ, ಅಲ್ವಾ?

ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂತ ಹೆಂಗಸರೇ ನಮಗೆ ನಿಜವಾದ ಪರೀಕ್ಷಕರು. ಬೆಳೆ, ಅಂದರೆ ಕಾಯಿ ಬಲಿತ ಹದ, ಸರಿ ಇಲ್ಲದಿದ್ದರೆ ಮುಖ ನೋಡದೇ ಬೈಯುತ್ತಾರೆ. ಅವತ್ತು ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ಮಾವ ಮಾತ್ರ ಒಂದಷ್ಟು ಕಾಯಿ ಸೀಳಿ ನೋಡಿ, ಮಾರನೇ ದಿನದಿಂದ ಬೇರೆ ತೋಟಕ್ಕೆ ನನ್ನನ್ನು ಒಬ್ಬನೇ ಕಳಿಸಿದ.

ಔಷಧಿ ಹೊಡೆಯೋದೂ ಇದೇ ಕಥೆ. ಮೈಸೂರು ಸೀಮೆಯಲ್ಲಿ, ಮಳೆಗಾಲದಲ್ಲಿ ಅಡಿಕೆ ಕೊಳೆತು ಉದುರುವ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದವರು ಕೆನಡಾದಿಂದ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, ನೂರು ವರ್ಷಕ್ಕೂ ಹಿಂದೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಎಲ್ಲ ಸಲ ಒಂದೇ ಥರ ಇರುತ್ತದೆಯೇ? ಕತ್ತಿ ಅದ್ದಿ ನೋಡಬೇಕು, ಅಲಗಿನ ಮೇಲೆ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಕಲಸಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಮಳೆ ಬಿಡುವು ಕೊಡಬೇಕಲ್ಲ, ಅದೇ ತಲೆನೋವು.

ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ತುದಿಗೆ ಕತ್ತಿ ಇರುವ ಉದ್ದ ಕೋಲು, ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು. ನಾನೂ ತಗೊಂಡಿದ್ದೇನೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದವರು ಯಾರೂ ಅದನ್ನು ಬೈಯೋದಿಲ್ಲ. ಆದರೆ ಕೆಳಗೆ ನಿಂತು ಕೊನೆಯ ಬೆಳೆ ಗುರುತಿಸೋದು ಇನ್ನೂ ಕಷ್ಟ. ಅದಕ್ಕೇ ಇರಬೇಕು, ದೋಟಿ ಇರುವ ಮನೆಯವರೂ ನನ್ನನ್ನೇ ಕರೆಯುತ್ತಾರೆ, ಕೊಯ್ಲಿನ ದಿನಾನೂ ನನ್ನನ್ನು ಕೇಳಿಯೇ ಗೊತ್ತು ಮಾಡುತ್ತಾರೆ.

ಅಕ್ಕನ ಮಗ ಕೆಲಸ ಕಲಿಯುತ್ತೇನೆ ಅಂತ ಬಂದಿದ್ದಾನೆ. ಮೊದಲು ಸುಲಿಯಲು ಕೂರಿಸಿದ್ದೇನೆ. ಮರ ಯಾವಾಗ ಹತ್ತಿಸ್ತೀಯ ಮಾವ ಅಂತ ದಿನಾ ಗೊಣಗುತ್ತಾನೆ.