ಮಂಜಾಗಿದ್ದು ಕ್ಯಾಮೆರಾವೋ, ಪರದೆಯೋ?

ಅಕ್ಕನ ಫೋನಿಗೆ ಒಂದೇ ದಿನ ಮೂರು ಕಾಯಿಲೆ ಬಂದಿದ್ದವು. ಅವಳ ಲೆಕ್ಕದಲ್ಲಿ ಮಾತ್ರ ಮೂರೂ ಸೇರಿ ಒಂದೇ. ಅಪ್ಪನ ಹಳೆಯ ನೋಟ್‌ಪುಸ್ತಕಗಳ ಪುಟಗಳನ್ನು ಫೋಟೋ ತೆಗೆದಿಟ್ಟುಕೊಳ್ಳೋಣ ಎಂದು ಕೂತರೆ ಅಕ್ಷರಗಳು ಮಸುಕಾಗಿ ಬರುತ್ತಿದ್ದವು. ಕಾಗದ ಇರುವುದಕ್ಕಿಂತ ಹೆಚ್ಚು ಹಳದಿಯಾಗಿ ಕಾಣುತ್ತಿತ್ತು. ಸಾಲದ್ದಕ್ಕೆ ಪರದೆಯ ಬಲಭಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆ. ‘ಅಪ್‌ಡೇಟ್ ಹಾಕಿದ್ಮೇಲೆ ಎಲ್ಲಾ ಕೆಟ್ಟೋಯ್ತು ನೋಡು’ ಎಂದಳು. ಯಾರೋ ಪರಿಚಯದವರು ಫ್ಯಾಕ್ಟರಿ ರೀಸೆಟ್ (ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡು, ಎಲ್ಲಾ ಸರಿಹೋಗುತ್ತೆ ಅಂದಿದ್ದರಂತೆ. ನಾನು ಫೋನನ್ನು ಅವಳ ಕೈಯಿಂದ ಇಸಕೊಂಡಿದ್ದು ಮುಖ್ಯವಾಗಿ ಆ ರೀಸೆಟ್ ತಪ್ಪಿಸಲಿಕ್ಕೆ.

ಫ್ಯಾಕ್ಟರಿ ರೀಸೆಟ್ ಬಗ್ಗೆ ನನಗೆ ಮೊದಲಿಂದಲೂ ಅಸಮಾಧಾನವಿದೆ. ಹೇಳುವವರಿಗೆ ಸುಲಭ, ಫೋಟೋ, ಮೆಸೇಜು, ಬ್ಯಾಂಕ್ ಆ್ಯಪ್‌ಗಳ ಲಾಗಿನ್ ಕಳೆದುಕೊಳ್ಳುವವರು ಬೇರೆಯವರು. ಅದು ಕೊನೆಗೆ ಮಾಡುವ ಕೆಲಸ. ಮೊದಲು ಆಗಬೇಕಾದದ್ದು, ತೊಂದರೆ ಇರುವುದು ಫೋಟೋದಲ್ಲೋ ಅಥವಾ ಫೋಟೋ ತೋರಿಸುತ್ತಿರುವ ಪರದೆಯಲ್ಲೋ ಎಂದು ಬೇರ್ಪಡಿಸುವುದು. ಇದಕ್ಕೆ ಯಾವ ಆ್ಯಪೂ ಬೇಡ, ಅದೇ ಫೋಟೋವನ್ನು ಇನ್ನೊಂದು ಫೋನಿನಲ್ಲಿ ನೋಡಿದರೆ ಸಾಕು.

ಅವಳು ತೆಗೆದ ಪುಟವೊಂದನ್ನು ನನ್ನ ಫೋನಿಗೆ ಕಳಿಸಿಕೊಂಡೆ, ಅದೂ ಡಾಕ್ಯುಮೆಂಟ್ ಆಗಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಮೆಸೇಜಿಂಗ್ ಆ್ಯಪ್ ಅದನ್ನು ಕುಗ್ಗಿಸಿ ಇನ್ನಷ್ಟು ಮಸುಕು ಮಾಡುತ್ತದೆ, ಆಮೇಲೆ ದೋಷ ಯಾರದೆಂದು ಗೊತ್ತಾಗುವುದಿಲ್ಲ. ನನ್ನ ಪರದೆಯ ಮೇಲೆ ಹಳದಿ ಮಾಯ. ಮಸುಕು ಮಾತ್ರ ಹಾಗೇ ಇತ್ತು. ಅಂದರೆ ಹಳದಿ ಅವಳ ಪರದೆಯದು, ಮಸುಕು ಕ್ಯಾಮೆರಾದ್ದು.

ಹಳದಿಯ ಕಥೆ ಅರ್ಧ ನಿಮಿಷದ್ದು. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ನೀಲಿ ಬೆಳಕು ಕಡಿಮೆ ಮಾಡುವ ಫಿಲ್ಟರ್ ಆನ್ ಆಗಿತ್ತು. ಕೆಲವು ಫೋನುಗಳಲ್ಲಿ ಅದರ ಹೆಸರು ನೈಟ್ ಲೈಟ್, ಕೆಲವದರಲ್ಲಿ ಐ ಕಂಫರ್ಟ್, ಐಫೋನಿನಲ್ಲಿ ನೈಟ್ ಶಿಫ್ಟ್. ಸಂಜೆಯಾದರೆ ತಾನಾಗಿಯೇ ಶುರುವಾಗುವ ಹಾಗೆ ಇಟ್ಟಿರಬಹುದು, ಇಡೀ ದಿನ ಇರುವ ಹಾಗೂ ಇಡಬಹುದು. ಇವಳದ್ದು ಇಡೀ ದಿನ. ಅದನ್ನು ಆಫ್ ಮಾಡಿದ ಕೂಡಲೇ ಕಾಗದ ಕಾಗದದ ಬಣ್ಣಕ್ಕೆ ಬಂತು. ಪರದೆ ಇದ್ದಕ್ಕಿದ್ದಂತೆ ಕಪ್ಪು-ಬಿಳುಪಾಯಿತು, ಬಣ್ಣಗಳು ತಲೆಕೆಳಗಾದವು ಎನ್ನುವವರೂ ಮೊದಲು ಆಕ್ಸೆಸಿಬಿಲಿಟಿ ಮೆನು ಒಳಗೆ ಕಲರ್ ಕರೆಕ್ಷನ್, ಕಲರ್ ಇನ್ವರ್ಷನ್ ನೋಡುವುದು ಒಳ್ಳೆಯದು. ಮಲಗುವ ಹೊತ್ತಿನ ಬೆಡ್‌ಟೈಮ್ ಮೋಡ್ ಕೂಡ ಪರದೆಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ.

ಮಸುಕು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮಸುಕಿನಲ್ಲಿ ಎರಡು ಜಾತಿ: ಕೈ ಅಲುಗಾಡಿದ್ದು ಮತ್ತು ಫೋಕಸ್ ತಪ್ಪಿದ್ದು. ಕೈ ಅಲುಗಿದರೆ ಅಕ್ಷರಗಳು ಒಂದೇ ದಿಕ್ಕಿಗೆ ಎಳೆದಂತೆ ಇರುತ್ತವೆ, ಅಡ್ಡಗೆರೆ ಚೆನ್ನಾಗಿದ್ದು ಲಂಬಗೆರೆ ಮಾತ್ರ ಜೋಡಿಯಾಗಿ ಕಾಣುವುದೂ ಉಂಟು. ಫೋಕಸ್ ತಪ್ಪಿದರೆ ಎಲ್ಲಾ ದಿಕ್ಕಿಗೂ ಸಮವಾಗಿ ಹರಡುತ್ತದೆ, ಪೂರ್ಣವಿರಾಮದ ಚುಕ್ಕಿ ಪುಟ್ಟ ಬಿಲ್ಲೆಯಾಗುತ್ತದೆ. ಅಪ್ಪನ ಬರಹದಲ್ಲಿ ಅನುಸ್ವಾರದ ಸೊನ್ನೆಗಳೆಲ್ಲ ಒಳಗಿನ ಬಿಳಿ ಕಳೆದುಕೊಂಡು ಬೂದು ಬಿಲ್ಲೆಗಳಾಗಿದ್ದವು. ಎಳೆತವೇ ಇಲ್ಲ. ಹಾಗಾಗಿ ಇದು ಫೋಕಸ್ಸೇ.

ಲೆನ್ಸ್ ಒರೆಸಿದ್ದೀಯಾ ಅಂತ ಕೇಳಿದ್ದಕ್ಕೆ ಅಕ್ಕನಿಗೆ ಸಿಟ್ಟು ಬಂತು. ಒರೆಸಿದ್ದಳು. ಬೆರಳಿನ ಜಿಡ್ಡು ಅಂಟಿದ್ದರೆ ಕಾಣುವ ಲಕ್ಷಣವೇ ಬೇರೆ, ದೀಪ ಮತ್ತು ಕಿಟಕಿಗಳ ಸುತ್ತ ಹೊಗೆಯಂಥ ಬೆಳಕು ಹರಡುತ್ತದೆ, ಇಡೀ ಚಿತ್ರದ ಕಪ್ಪು ಬೂದಾಗುತ್ತದೆ. ಲೆನ್ಸ್ ಮೇಲೆ ಅಂಟಿಸುವ ಹೆಚ್ಚುವರಿ ಗಾಜು ಕೂಡ ಇದನ್ನೇ ಮಾಡುತ್ತದೆ. ಗಾಜಿಗೂ ಗಾಜಿಗೂ ನಡುವೆ ಧೂಳು ಸೇರಿಕೊಂಡರೆ ಹೊರಗೆಷ್ಟು ಒರೆಸಿದರೂ ಅಷ್ಟೇ. ಆ ಗಾಜು ನನಗಂತೂ ಯಾವತ್ತೂ ಇಷ್ಟವಾಗಿಲ್ಲ. ಇವಳ ಫೋನಿನಲ್ಲಿ ಅದು ಇರಲೂ ಇಲ್ಲ.

ಅವಳು ಫೋಟೋ ತೆಗೆಯುವುದನ್ನು ನೋಡಿದ ಮೇಲೆ ಅರ್ಧ ಉತ್ತರ ಸಿಕ್ಕಿತು. ಸಣ್ಣ ಅಕ್ಷರ ಅಂತ ಫೋನನ್ನು ಪುಟದ ಮೂಗಿಗೇ ತಾಗಿಸುತ್ತಿದ್ದಳು. ಪ್ರತಿ ಲೆನ್ಸಿಗೂ ಇಷ್ಟಕ್ಕಿಂತ ಹತ್ತಿರದ್ದು ಕಾಣದು ಎನ್ನುವ ಒಂದು ಮಿತಿ ಇದೆ. ವಿಚಿತ್ರವೆಂದರೆ ಫೋನುಗಳು ದುಬಾರಿಯಾದಂತೆ ಮುಖ್ಯ ಕ್ಯಾಮೆರಾದ ಈ ಮಿತಿ ಕಡಿಮೆಯಾಗುವ ಬದಲು ಹೆಚ್ಚಾಗುತ್ತಾ ಬಂದಿದೆ, ಏಕೆಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಾಗಿದೆ. ಐಫೋನ್ 13 ಪ್ರೋದಲ್ಲಿ ಮುಖ್ಯ ಕ್ಯಾಮೆರಾಕ್ಕೆ ಸುಮಾರು 15 ಸೆಂ.ಮೀ. ದೂರ ಸಾಕಿತ್ತು, 14 ಪ್ರೋದಲ್ಲಿ ಅದು ಸುಮಾರು 20 ಸೆಂ.ಮೀ. ಆಯಿತು. ಈ ಕೊರತೆ ತುಂಬಲು ಹತ್ತಿರ ಹೋದಾಗ ಇಂಥ ಫೋನುಗಳು ಸದ್ದಿಲ್ಲದೆ ಹೆಚ್ಚು ಅಗಲ ನೋಟದ ಅಲ್ಟ್ರಾವೈಡ್ ಲೆನ್ಸಿಗೆ ಜಿಗಿಯುತ್ತವೆ. ಯಾವ ಲೆನ್ಸ್ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕಾದರೆ ಒಂದೊಂದನ್ನೇ ಬೆರಳಿನಿಂದ ಮುಚ್ಚಿ ನೋಡಿ, ಯಾವುದನ್ನು ಮುಚ್ಚಿದಾಗ ಪರದೆ ಕತ್ತಲಾಗುತ್ತದೋ ಅದೇ. ಕಡಿಮೆ ಬೆಲೆಯ ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೋ (ತೀರಾ ಹತ್ತಿರದ್ದನ್ನು ತೆಗೆಯುವ) ಲೆನ್ಸುಗಳಿಗೆ ಬಹುಪಾಲು ಫೋಕಸ್ ಮಾಡುವ ಮೋಟಾರೇ ಇರುವುದಿಲ್ಲ. ನಿಗದಿಯಾದ ಒಂದೇ ದೂರದಲ್ಲಿ ಚೆನ್ನಾಗಿ ಕಾಣುತ್ತದೆ, ಅದರ ಹಿಂದೆ ಮುಂದೆ ಎಲ್ಲಾ ಮಸುಕು. ಪುಸ್ತಕದ ಪುಟಕ್ಕೆ ಅದರ ಸಹವಾಸ ಬೇಡವೆಂದೇ ನನ್ನ ಅನಿಸಿಕೆ.

ಫೋನನ್ನು ಮೇಲಕ್ಕೆತ್ತಿ 2ಎಕ್ಸ್ ಝೂಮ್ ಹಾಕು ಅಂದೆ. ಪುಟ ಮೊದಲಿನಷ್ಟೇ ದೊಡ್ಡದಾಗಿ ಕಂಡಿತು, ಅಕ್ಷರ ಸ್ಪಷ್ಟವಾಯಿತು. ಆದರೆ ನಿಲ್ಲಲಿಲ್ಲ. ಒಂದು ಕ್ಷಣ ಸ್ಪಷ್ಟ, ಮರುಕ್ಷಣ ಮಸುಕು, ಮತ್ತೆ ಸ್ಪಷ್ಟ. ಪರದೆ ಮುಟ್ಟಿದರೆ ಚೌಕ ಮೂಡುತ್ತದೆ, ಒಳಗೆ ಟಿಕ್ ಟಿಕ್ ಅನ್ನುತ್ತದೆ, ಚೌಕ ಹಸಿರಾಗುವುದರೊಳಗೆ ಮತ್ತೆ ತಪ್ಪುತ್ತದೆ. ಖಾಲಿ ಪುಟ, ಮಾಸಿದ ಪೆನ್ಸಿಲ್ ಬರಹ, ಮಂದ ಬೆಳಕು ಇದ್ದಾಗ ಫೋಕಸ್ ಹೀಗೆ ತಡಕಾಡುವುದು ಸಹಜ, ಅದಕ್ಕೆ ಹಿಡಿದುಕೊಳ್ಳಲು ಕಪ್ಪು-ಬಿಳುಪಿನ ಒಂದು ಅಂಚು ಬೇಕು. ಕಿಟಕಿ ಹತ್ತಿರ ಹೋಗಿ ದಪ್ಪ ಶಾಯಿಯ ಶೀರ್ಷಿಕೆಯ ಮೇಲೆ ಒತ್ತಿ ಹಿಡಿದೆವು, ಫೋಕಸ್ ಲಾಕ್ ಆಗಲಿ ಎಂದು. ಲಾಕ್ ಎಂದು ಬರೆದು ತೋರಿಸಿತು, ಆದರೂ ಚಿತ್ರ ನಡುಗುತ್ತಿತ್ತು.

ಸಾಫ್ಟ್‌ವೇರ್ ಇರಬಹುದೇ ಎಂದು ಕ್ಯಾಮೆರಾ ಆ್ಯಪಿನ ಕ್ಯಾಶ್, ಅಂದರೆ ಅದು ಕೂಡಿಟ್ಟುಕೊಂಡ ತಾತ್ಕಾಲಿಕ ಕಡತಗಳನ್ನು ಅಳಿಸಿದೆ (ಇದರಿಂದ ಫೋಟೋ ಹೋಗುವುದಿಲ್ಲ, ಅಕ್ಕ ಇದನ್ನು ಕೇಳಿ ಕೇಳಿ ಖಚಿತಪಡಿಸಿಕೊಂಡಳು). ಸೇಫ್ ಮೋಡಿನಲ್ಲಿ ಹಾಕಿ ನೋಡಿದೆ, ಅಲ್ಲಿ ನಾವು ಇನ್‌ಸ್ಟಾಲ್ ಮಾಡಿದ ಆ್ಯಪ್‌ಗಳು ಓಡುವುದಿಲ್ಲ. ಅದೇ ನಡುಕ. ಹಾಗಾದರೆ ಯಾಂತ್ರಿಕ ತೊಂದರೆಯೇ ಇರಬೇಕು.

ಫೋನಿನ ಲೆನ್ಸನ್ನು ಹಿಂದೆ ಮುಂದೆ ಸರಿಸುವುದು ವಾಯ್ಸ್ ಕಾಯಿಲ್ ಮೋಟಾರ್ ಎನ್ನುವ ಚಿಕ್ಕ ಏರ್ಪಾಡು. ಲೆನ್ಸಿನ ಸುತ್ತ ತಂತಿಯ ಸುರುಳಿ, ಅದರ ಪಕ್ಕ ಪುಟ್ಟ ಆಯಸ್ಕಾಂತಗಳು, ಹಿಡಿದಿಡಲು ತೆಳು ಸ್ಪ್ರಿಂಗು. ಸುರುಳಿಯಲ್ಲಿ ವಿದ್ಯುತ್ ಹರಿದಷ್ಟು ಲೆನ್ಸ್ ಸರಿಯುತ್ತದೆ, ಸರಿಯುವ ಒಟ್ಟು ದೂರ ಒಂದು ಮಿಲಿಮೀಟರಿಗೂ ಕಡಿಮೆ. ಕೈ ನಡುಕ ಸರಿದೂಗಿಸುವ ಓಐಎಸ್ ಇದ್ದರೆ ಲೆನ್ಸ್ ಅಕ್ಕಪಕ್ಕಕ್ಕೂ ತೇಲುತ್ತದೆ. ಫೋನ್ ಅಲ್ಲಾಡಿಸಿದಾಗ ಒಳಗೆ ಏನೋ ಕಳಚಿಬಿದ್ದಂತೆ ಸದ್ದು ಬರುವುದು ಈ ತೇಲಾಟದಿಂದ, ಹೆಚ್ಚಿನ ಸಲ ಅದು ರೋಗವಲ್ಲ. ಲೆನ್ಸ್ ಎಲ್ಲಿದೆ ಎಂದು ಅಳೆಯುವುದೂ ಕಾಂತಕ್ಷೇತ್ರದ ಮೂಲಕವೇ, ಹಾಲ್ ಸೆನ್ಸರ್ ಎನ್ನುವ ಚಿಪ್‌ನಿಂದ. ಎಲ್ಲವೂ ಕಾಂತದ ಮೇಲೆ ನಡೆಯುವ ಕಾರಣ ಹೊರಗಿನ ಆಯಸ್ಕಾಂತ ಹತ್ತಿರ ಬಂದರೆ ಅಳತೆ ತಪ್ಪುತ್ತದೆ.

ನನ್ನ ಕಣ್ಣು ಆಗ ಬ್ಯಾಕ್ ಕವರಿನ ಮೇಲೆ ಬಿತ್ತು. ಬೆರಳಿಗೆ ಸಿಕ್ಕಿಸಿಕೊಳ್ಳುವ ಉಂಗುರ, ಅದರ ಬುಡದಲ್ಲಿ ಲೋಹದ ತಟ್ಟೆ, ಇವೆಲ್ಲ ಕ್ಯಾಮೆರಾದ ಪಕ್ಕದಲ್ಲೇ. ನನ್ನ ಫೋನಿನಲ್ಲಿ ದಿಕ್ಸೂಚಿ ಆ್ಯಪ್ ತೆರೆದು ಕವರನ್ನು ಹತ್ತಿರ ತಂದೆ. ಮುಳ್ಳು ಉತ್ತರ ಬಿಟ್ಟು ಗಿರ್ರನೆ ತಿರುಗಿತು, ಅಂದರೆ ಅಲ್ಲಿ ಆಯಸ್ಕಾಂತವಿದೆ. ಕವರ್ ಕಳಚಿ ಅದೇ ಪುಟದ ಮೇಲೆ ಕ್ಯಾಮೆರಾ ಹಿಡಿದರೆ ಒಂದು ಟಿಕ್, ಅಷ್ಟೇ, ಅಕ್ಷರಗಳು ನಿಂತವು. ಕವರ್ ಹಾಕಿದರೆ ನಡುಕ, ತೆಗೆದರೆ ಇಲ್ಲ. ಅಕ್ಕ ತಾನೇ ಹಾಕಿ ತೆಗೆದು ಹಾಕಿ ತೆಗೆದು ನೋಡಿದಳು. ಈ ಉಂಗುರ ಕೊಂಡಿದ್ದು ಇತ್ತೀಚೆಗೇ, ಅಪ್‌ಡೇಟ್ ಬಂದದ್ದೂ ಆಗಲೇ. ಬೈಗುಳ ತಿಂದದ್ದು ಮಾತ್ರ ಅಪ್‌ಡೇಟು.

ಆಯಸ್ಕಾಂತವಿರುವ ಪರಿಕರಗಳು ಕ್ಯಾಮೆರಾದ ಫೋಕಸ್ಸಿಗೆ ಅಡ್ಡಿಯಾಗಬಹುದು ಎಂದು ಆ್ಯಪಲ್ ತನ್ನ ಬಳಕೆದಾರರಿಗೆ ಹೇಳಿರುವುದುಂಟು. 2021ರಲ್ಲಿ ಅದೇ ಕಂಪನಿ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತ್ತು: ಹೆಚ್ಚು ಶಕ್ತಿಯ ಎಂಜಿನ್ನಿನ ಬೈಕುಗಳ ಹ್ಯಾಂಡಲಿಗೆ ಫೋನ್ ಕಟ್ಟಿಕೊಂಡು ಓಡಿಸಿದರೆ ಕಂಪನದಿಂದ ಓಐಎಸ್ ಮತ್ತು ಆಟೋಫೋಕಸ್ ಹಾಳಾಗಬಹುದು ಎಂದು. ಆಯಸ್ಕಾಂತದ ತೊಂದರೆ ಅದನ್ನು ದೂರ ಇಟ್ಟರೆ ಹೋಗುತ್ತದೆ. ಕಂಪನದ್ದು ಹಾಗಲ್ಲ, ಒಮ್ಮೆ ಹೋದರೆ ಕ್ಯಾಮೆರಾ ಮಾಡ್ಯೂಲನ್ನೇ ಬದಲಿಸಬೇಕು.

ಉಳಿದದ್ದು ಹಸಿರು ಗೆರೆ. ಅದರಲ್ಲಿ ನನಗೆ ಆಸೆ ಇರಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ನನ್ನ ಫೋನಿಗೆ ಕಳಿಸಿಕೊಂಡೆ, ಗೆರೆ ಅದರಲ್ಲಿ ಇಲ್ಲ. ಸ್ಕ್ರೀನ್‌ಶಾಟ್ ಎನ್ನುವುದು ಫೋನ್ ತನ್ನ ಮನಸ್ಸಿನಲ್ಲಿ ಬಿಡಿಸಿಕೊಂಡ ಚಿತ್ರ, ಪರದೆ ಅದನ್ನು ಹೇಗೆ ತೋರಿಸಿತು ಎಂಬುದು ಅದಕ್ಕೆ ಗೊತ್ತಿಲ್ಲ. ಗೆರೆ ಅದರಲ್ಲೂ ಇದ್ದಿದ್ದರೆ ಸಾಫ್ಟ್‌ವೇರ್ ಅಥವಾ ಗ್ರಾಫಿಕ್ಸ್ ಕಡೆ ಹುಡುಕಬಹುದಿತ್ತು. ರೀಸ್ಟಾರ್ಟ್ ಮಾಡಿದೆ, ಕಂಪನಿಯ ಲೋಗೋ ಬರುವಾಗಲೇ ಗೆರೆ ಹಾಜರು. ಆಂಡ್ರಾಯ್ಡ್ ಇನ್ನೂ ಎದ್ದೇ ಇಲ್ಲ, ಆ್ಯಪ್‌ಗಳ ಮಾತಂತೂ ದೂರ. ಇದು ಪರದೆಯ ಪ್ಯಾನೆಲ್ಲಿನದೇ ದೋಷ.

ಅಮೋಲೆಡ್ ಪರದೆಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಪ್ರತಿ ಲಂಬಸಾಲಿಗೂ ಪರದೆಯನ್ನು ನಡೆಸುವ ಡ್ರೈವರ್ ಚಿಪ್‌ನಿಂದ ಒಂದು ಸಂಪರ್ಕ ಇರುತ್ತದೆ. ಆ ಸಂಪರ್ಕ ಎಲ್ಲಾದರೂ ಬಿಟ್ಟರೆ ಇಡೀ ಸಾಲು ಮಾತು ಕೇಳದೆ ಒಂದೇ ಬಣ್ಣದಲ್ಲಿ ಉರಿಯುತ್ತಲೇ ಇರುತ್ತದೆ. ಗೆರೆ ಬಂದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದರೆ ಹೋಗುತ್ತದೆ ಎನ್ನುವ ವಿಡಿಯೋಗಳಿವೆ. ಒಂದಿಷ್ಟು ಹೊತ್ತು ಹೋಗಲೂಬಹುದು, ಪಕ್ಕದಲ್ಲಿ ಇನ್ನೊಂದು ಬರಲೂಬಹುದು. ನಾನು ಒತ್ತಲಿಲ್ಲ. ಬಣ್ಣಗಳನ್ನು ಪಟಪಟ ಮಿನುಗಿಸಿ ಪಿಕ್ಸೆಲ್ ರಿಪೇರಿ ಮಾಡುತ್ತೇವೆ ಎನ್ನುವ ಆ್ಯಪ್‌ಗಳು ಇಂಥ ಗೆರೆಗೆ ಏನೂ ಮಾಡಲಾರವು.

ಇಂಥ ಪರದೆ ಗೆರೆಯಿಂದ ಪೂರ್ತಿ ಕತ್ತಲಿಗೆ ಹೋಗಲು ಎಷ್ಟು ದಿನ ಎಂದು ಯಾರೂ ಹೇಳಲಾರರು. ಅದಕ್ಕೇ ಅಕ್ಕ ಗೆರೆಯ ಚಿಂತೆ ಮಾಡುತ್ತಿದ್ದಾಗ ನಾನು ಬ್ಯಾಕಪ್ ಹಾಕಿಸುತ್ತಿದ್ದೆ: ಫೋಟೋ, ಕಾಂಟ್ಯಾಕ್ಟ್, ಚಾಟ್‌ಗಳು. ಟಚ್ ಸತ್ತು ಚಿತ್ರ ಮಾತ್ರ ಉಳಿದರೆ ಯುಎಸ್‌ಬಿ ಸಾಧನಗಳನ್ನು ಫೋನಿಗೆ ಜೋಡಿಸುವ ಓಟಿಜಿ ಅಡಾಪ್ಟರಿನಿಂದ ಮೌಸ್ ಸಿಕ್ಕಿಸಿ ಲಾಕ್ ತೆರೆಯಬಹುದು, ಡೇಟಾ ತೆಗೆಯಬಹುದು. ಚಿತ್ರವೂ ಹೋದರೆ ಯುಎಸ್‌ಬಿ-ಸಿ ಮೂಲಕ ಟಿವಿಗೆ ಚಿತ್ರ ಕಳಿಸಬೇಕು, ಆ ಸೌಲಭ್ಯ ಎಲ್ಲಾ ಫೋನಿನಲ್ಲೂ ಇಲ್ಲ, ಇವಳದ್ದರಲ್ಲಂತೂ ಇಲ್ಲ.

ಸರ್ವಿಸ್ ಸೆಂಟರಿಗೆ ಕೊಡುವಾಗ ಕೌಂಟರಿನಲ್ಲಿದ್ದವರು ದೂರಿನ ಚೀಟಿಯಲ್ಲಿ ಡಿಸ್‌ಪ್ಲೇ ಜೊತೆ ಕ್ಯಾಮೆರಾವನ್ನೂ ಬರೆಯಲು ಹೊರಟರು, ಅಕ್ಕ ಫೋನಿನಲ್ಲಿ ಮೊದಲು ಹಾಗೇ ಹೇಳಿದ್ದಳಲ್ಲ. ಈಗ ಅವಳೇ ತಡೆದು, ಕವರ್ ಇಲ್ಲದೆ ಅವರ ಚೀಟಿಯ ಸಣ್ಣಕ್ಷರಗಳ ಫೋಟೋ ತೆಗೆದು ತೋರಿಸಿ, ಚೀಟಿಯಿಂದ ‘ಕ್ಯಾಮೆರಾ’ ಎಂಬ ಪದವನ್ನು ಹೊಡೆದು ಹಾಕಿಸಿದಳು. ಪರದೆ ಬದಲಾಗಿ ಬಂದಾಗ ಕೌಂಟರಿನಲ್ಲೇ ನಿಂತು ನೋಡಿಕೊಂಡೆವು. ನನ್ನ ಫೋನಿನಿಂದ ಕರೆ ಮಾಡಿ ಕಿವಿಗಿಟ್ಟರೆ ಪರದೆ ಆರುತ್ತದೆಯೇ, ಅಂಗೈಯಿಂದ ನೆರಳು ಮಾಡಿದರೆ ಬ್ರೈಟ್‌ನೆಸ್ ಇಳಿಯುತ್ತದೆಯೇ, ಬೂದು ಬಣ್ಣದ ಖಾಲಿ ಚಿತ್ರ ತುಂಬಿಸಿದರೆ ಎಲ್ಲಾ ಕಡೆ ಒಂದೇ ಛಾಯೆ ಇದೆಯೇ, ಕೀಬೋರ್ಡಿನ ಅಂಚಿನ ಅಕ್ಷರಗಳು ಕೇಳುತ್ತವೆಯೇ. ಎಲ್ಲಾ ಸರಿ ಇತ್ತು, ಬೆರಳಚ್ಚು ಒಂದು ಬಿಟ್ಟು. ಪರದೆಯಡಿಯ ಸೆನ್ಸರ್ ಇರುವ ಫೋನುಗಳಲ್ಲಿ ಪ್ಯಾನೆಲ್ ಬದಲಿಸಿದ ಮೇಲೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಾಗುತ್ತದೆ (ಹೊಸ ಪರದೆಗೆ ಹೊಂದಿಸಬೇಕಾಗುತ್ತದೆ), ಅದನ್ನು ಮರೆತಿದ್ದರು. ಒಳಗೆ ಕೊಂಡೊಯ್ದು ಮಾಡಿಕೊಟ್ಟರು. ಅಕ್ಕ ಹೆಬ್ಬೆರಳನ್ನು ಹೊಸದಾಗಿ ಸೇರಿಸಿ, ಲಾಕ್ ತೆರೆದು ನೋಡಿದ ಮೇಲೇ ಸಹಿ ಹಾಕಿದಳು.